45 ರೂಪಾಯಿಯ ಸೀಲು, 145 ನಿಮಿಷದ ಕೆಲಸ

ಸೆಪ್ಟೆಂಬರ್ 29, 2024, ಭಾನುವಾರ. ಕೆಂಗೇರಿ ಉಪನಗರದ ಸಣ್ಣ ಗ್ಯಾರೇಜೊಂದರಲ್ಲಿ ನನ್ನ 100 ಸಿಸಿ ಬೈಕಿನ ಲೆಕ್ಕ ಹೀಗಾಯಿತು: ಕ್ಲಚ್ ಆಯಿಲ್ ಸೀಲ್ 45 ರೂಪಾಯಿ, ಕ್ಲಚ್ ಕವರಿನ ಪ್ಯಾಕಿಂಗ್ 85, ಕಿಕ್ಕರ್ ಸೀಲ್ 40, ಎಂಜಿನ್ ಆಯಿಲ್ 390, ತೊಳೆಯಲು ಡೀಸೆಲ್ 30, ಕೂಲಿ 450. ಒಟ್ಟು 1,040. ಇದರಲ್ಲಿ ಸೋರುತ್ತಿದ್ದದ್ದು ಮೊದಲನೆಯದೊಂದೇ. ಒಟ್ಟು ಖರ್ಚಿನಲ್ಲಿ ಅದರ ಪಾಲು ನೂರಕ್ಕೆ 4.3. ಕೂಲಿಯ ಪಾಲು 43.3.

ಪಕ್ಕದಲ್ಲಿ ಪಂಕ್ಚರ್ ಹಾಕಿಸಿಕೊಳ್ಳುತ್ತಿದ್ದವರೊಬ್ಬರು ಇದನ್ನೆಲ್ಲ ಕೇಳಿಸಿಕೊಂಡು, "ನಲವತ್ತೈದು ರೂಪಾಯಿ ಸಾಮಾನಿಗೆ ನಾನೂರೈವತ್ತು ಲೇಬರ್ರಾ?" ಅಂದರು. ಅವರೇನೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾವೆಲ್ಲ ಹೀಗೇ ಕೇಳುತ್ತೇವೆ, ನಾನೂ ಹಿಂದೆ ಕೇಳಿದ್ದೇನೆ. ಚಾಮರಾಜಪೇಟೆಯ ಮುದ್ರಣಾಲಯದಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಈ ಸೋರಿಕೆ ಶುರುವಾದಂದಿನಿಂದ ಮನೆಯಲ್ಲೊಂದು 40 ಪುಟದ ನೋಟ್‌ಬುಕ್ಕಿನಲ್ಲಿ ಅದರ ಎಲ್ಲ ಅಂಕಿಗಳನ್ನೂ ಬರೆಯುತ್ತ ಬಂದೆ. ಆ ಪ್ರಶ್ನೆಗೆ ಉತ್ತರ ಆ ನೋಟ್‌ಬುಕ್ಕಿನಲ್ಲೇ ಇದೆ.

ಸೀಲು ಎಲ್ಲಿರುತ್ತದೆ ಅನ್ನುವುದನ್ನು ಮೊದಲು ಹೇಳಬೇಕು. ಎಡಗೈಯಲ್ಲಿ ಕ್ಲಚ್ ಹಿಡಿದಾಗ ಕೇಬಲ್ಲು ಎಂಜಿನ್ನಿನ ಬಲಗಡೆ ಕವರಿನ ನೆತ್ತಿಯಲ್ಲಿರುವ ಒಂದು ಸಣ್ಣ ಆರ್ಮನ್ನು ಎಳೆಯುತ್ತದೆ. ಆ ಆರ್ಮಿಗೆ ಬೆಸೆದ ಸರಳು ಕವರನ್ನು ತೂರಿ ಕೆಳಗಿಳಿದು, ಒಳಗೆ ಕ್ಲಚ್ ಪ್ಲೇಟುಗಳನ್ನು ಬಿಡಿಸುತ್ತದೆ. ನಮ್ಮಲ್ಲಿ ಓಡಾಡುವ ಬಹುಪಾಲು ಬೈಕುಗಳ ಕ್ಲಚ್ಚು ಎಂಜಿನ್ ಆಯಿಲ್ಲಿನಲ್ಲೇ ಮುಳುಗೇಳುವಂಥದ್ದು. ಅಂದರೆ ಸರಳಿನ ಒಳತುದಿಗೆ ಬಿಸಿ ಎಣ್ಣೆ, ಹೊರತುದಿಗೆ ಮೈಸೂರು ರಸ್ತೆಯ ದೂಳು. ಈ ಎರಡರ ನಡುವಿನ ಗಡಿ ಎಂದರೆ ಒಂದು ರಬ್ಬರ್ ಉಂಗುರ. ನನ್ನ ಗಾಡಿಯದರ ಮೇಲೆ 12-18-5 ಎಂದು ಅಚ್ಚೊತ್ತಿತ್ತು: ಒಳಗಿನ ಅಗಲ 12 ಮಿಲಿಮೀಟರ್, ಹೊರಗಿನದು 18, ದಪ್ಪ 5. ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಕೆಲವು ಬೈಕುಗಳಲ್ಲಿ ಕ್ಲಚ್ ಒತ್ತುವ ಕಡ್ಡಿ ಎಡಗಡೆಯಿಂದ, ಚೈನ್ ಸ್ಪ್ರಾಕೆಟ್ಟಿನ ಪಕ್ಕದಿಂದ ಒಳಹೋಗುತ್ತದೆ. ಅಲ್ಲಿಯ ಸೀಲು ಸೋರಿದರೆ ಸ್ಪ್ರಾಕೆಟ್ ಕವರ್ ತೆಗೆದರೆ ಸಾಕಾಗುವುದೂ ಉಂಟು, ಖರ್ಚು ಅರ್ಧಕ್ಕಿಳಿಯುತ್ತದೆ. ನನ್ನದು ಅಂಥದ್ದಲ್ಲ.

ಜೂನ್ ಮೊದಲ ವಾರ ಬಲಗಡೆಯ ಕವರ್ ಜಿಡ್ಡಾಗಿ ಕಂಡಿತು. ರಾತ್ರಿ ಗಾಡಿಯಡಿ ರಟ್ಟು ಹಾಸಿದೆ. ಬೆಳಿಗ್ಗೆ ನೋಡಿದರೆ ಎರಡೋ ಮೂರೋ ಹನಿ. ಇಷ್ಟೇ ತಾನೇ ಅಂದುಕೊಂಡು ಸುಮ್ಮನಾದೆ. ಅದೇ ತಪ್ಪಾಗಿದ್ದು. ಈ ಸೀಲು ಕವರಿನ ನೆತ್ತಿಯಲ್ಲಿದೆ, ಎಂಜಿನ್ ನಿಂತಾಗ ಎಣ್ಣೆಯ ಮಟ್ಟ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಎಡಕ್ಕೆ ವಾಲಿ ಬಲಗಡೆ ಇನ್ನೂ ಮೇಲೇಳುತ್ತದೆ. ಹಾಗಾಗಿ ನಿಂತ ಗಾಡಿಯಲ್ಲಿ ಇದು ಸೋರುವುದೇ ಇಲ್ಲ ಅನ್ನಬಹುದು. ಓಡುವಾಗ ಕ್ಲಚ್ ಬ್ಯಾಸ್ಕೆಟ್ ಎಣ್ಣೆಯನ್ನು ಮೇಲಕ್ಕೆ ಎರಚುತ್ತದಲ್ಲ, ಆಗ ಸೋರುತ್ತದೆ. ರಟ್ಟಿನ ಮೇಲೆ ನಾನು ಕಂಡಿದ್ದು ದಾರಿಯಲ್ಲಿ ಸೋರಿ ಕವರಿಗೆ ಅಂಟಿಕೊಂಡು ಉಳಿದ ಶೇಷವನ್ನು ಮಾತ್ರ.

ಆಮೇಲೆ ಅಳೆಯುವ ಕ್ರಮ ಬದಲಿಸಿದೆ. ಪ್ರತಿ ಶನಿವಾರ ಗಾಡಿಯನ್ನು ಸಮನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ಮುಟ್ಟುವವರೆಗೆ ಸೂಜಿಯಿಲ್ಲದ 20 ಮಿಲಿಲೀಟರ್ ಸಿರಿಂಜಿನಿಂದ ಎಣ್ಣೆ ತುಂಬಿ, ತುಂಬಿದ್ದನ್ನು ಬರೆದಿಟ್ಟೆ. ಮನೆಯಿಂದ ಪ್ರೆಸ್ಸಿಗೆ 13 ಕಿ.ಮೀ., ಹೋಗಿಬರಲು 26, ತಿಂಗಳಿಗೆ 25 ದಿನ, ಒಟ್ಟು 650 ಕಿ.ಮೀ. ಜೂನ್‌ನಲ್ಲಿ 40 ಮಿಲಿಲೀಟರ್ ಬೇಕಾಯಿತು. ಜುಲೈನಲ್ಲಿ 70. ಆಗಸ್ಟ್‌ನಲ್ಲಿ 130. ಸೆಪ್ಟೆಂಬರ್ 28ರ ಹೊತ್ತಿಗೆ 180. ನಾಲ್ಕು ತಿಂಗಳಿಗೆ 420 ಮಿಲಿಲೀಟರ್. ಎಂಜಿನ್ನಿನಲ್ಲಿ ಇರಬೇಕಾದದ್ದೇ 900 ಮಿಲಿಲೀಟರ್. ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಐದನೇ ಒಂದು ಪಾಲು ಹೊರಗೆ ಹೋಗಿದೆ. ರಟ್ಟಿನ ಮೇಲೆ ಮಾತ್ರ ಆಗಲೂ ನಾಲ್ಕೈದು ಹನಿಯೇ. ಗಾಡಿಯಡಿ ಕಲೆ ನೋಡಿ ಸೋರಿಕೆ ಅಳೆಯುವವರಿಗೆ ಈ ಎರಡು ಅಂಕಿಯನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕೆನಿಸುತ್ತದೆ.

ಜುಲೈನಲ್ಲಿ ದಾರಿಯಲ್ಲಿದ್ದ ಒಂದು ಗ್ಯಾರೇಜಿಗೆ ತೋರಿಸಿದ್ದೆ. ಅವರು ಕವರಿನ ಅಂಚಿನಿಂದ ಸೋರುತ್ತಿದೆ ಎಂದು ತೀರ್ಮಾನಿಸಿ, ಬೋಲ್ಟುಗಳನ್ನೆಲ್ಲ ಬಿಗಿದು, ಅಂಚಿಗೆ ಸಿಲಿಕಾನ್ ಬಳಿದು 250 ರೂಪಾಯಿ ತೆಗೆದುಕೊಂಡರು. ಎರಡು ದಿನ ಒಣಗಿದಂತಿತ್ತು, ಮೂರನೇ ದಿನ ಮತ್ತೆ ಜಿಡ್ಡು. ಆ ಬೋಲ್ಟುಗಳು 6 ಮಿಲಿಮೀಟರ್ ದಪ್ಪದವು, ಕೂರುವುದು ಅಲ್ಯೂಮಿನಿಯಂ ಥ್ರೆಡ್ಡಿನಲ್ಲಿ. ಅವಕ್ಕೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್, ಅಂದರೆ 10 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ 10 ಕಿಲೋ ತೂಕ ತೂಗಿದಷ್ಟು. ಉದ್ದನೆಯ ಪಾನಾ ಹಿಡಿದು ಮೈಭಾರ ಬಿಟ್ಟರೆ ಥ್ರೆಡ್ ಹೋಗಲೇಬೇಕು. ಒಂದು ಹೋಗಿಯೇ ಇತ್ತು, ನನಗೆ ತಿಳಿದದ್ದು ಸೆಪ್ಟೆಂಬರ್‌ನಲ್ಲಿ.

ಅಷ್ಟರಲ್ಲಿ ಇನ್ನೊಂದಾಯಿತು. ಬಲಗಡೆ ಕವರಿನಿಂದ ಇಳಿದ ಎಣ್ಣೆ ಗಾಳಿಗೆ ಹಿಂದಕ್ಕೆ ಹರಿಯುತ್ತದೆ. ಹಿಂದೆ ಇರುವುದು ಬಲಗಾಲಿನ ಫುಟ್‌ರೆಸ್ಟು, ಅದರ ಮುಂದೆ ಬ್ರೇಕ್ ಪೆಡಲು. ಸೆಪ್ಟೆಂಬರ್ ಎರಡನೇ ವಾರ, ಸಂಜೆ ಸಣ್ಣ ಮಳೆ. ನಾಯಂಡಹಳ್ಳಿ ಜಂಕ್ಷನ್‌ನಲ್ಲಿ ಮುಂದಿನ ಬಸ್ಸು ನಿಂತಿತು, ನಾನು ಬ್ರೇಕ್ ತುಳಿದೆ. ಚಪ್ಪಲಿ ಪೆಡಲಿನ ಮೇಲಿಂದ ಜಾರಿ ಕೆಳಗೆ ಹೋಯಿತು. ಮುಂದಿನ ಬ್ರೇಕಿನಲ್ಲಿ ಹೇಗೋ ನಿಂತೆ, ಬಸ್ಸಿನ ಬಂಪರಿಗೂ ನನ್ನ ಹ್ಯಾಂಡಲ್ಲಿಗೂ ಒಂದು ಗೇಣು ಉಳಿದಿತ್ತು. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಅಂಕಿ ಬರೆಯಲು ಮನಸ್ಸಾಗಲಿಲ್ಲ. ಕ್ಲಚ್ ಸೀಲ್ ಸೋರುವುದನ್ನು ಎಣ್ಣೆ ಖರ್ಚಾಗುವ ತೊಂದರೆ ಎಂದಷ್ಟೇ ಲೆಕ್ಕ ಹಾಕಿದ್ದೆ. ಅದು ಬ್ರೇಕಿನ ತೊಂದರೆ ಎಂದು ತಿಳಿಯಲು ಆ ಒಂದು ಗೇಣು ಬೇಕಾಯಿತು.

ಈ ಸೀಲು ಯಾಕೆ ಹೋಗುತ್ತದೆ? ಎಲ್ಲರೂ ಹೇಳುವುದು ಒಂದೇ: "ಬೆಂಗಳೂರು ಟ್ರಾಫಿಕ್ಕಿನಲ್ಲಿ ಕ್ಲಚ್ ಹಿಡಿದೂ ಹಿಡಿದೂ ಸವೆಯುತ್ತದೆ." ನಾನೂ ನಂಬಿದ್ದೆ. ಒಮ್ಮೆ ಎಣಿಸಿ ನೋಡೋಣವೆಂದು ಅಮ್ಮ ಜಪಕ್ಕೆ ಬಳಸುವ, ಬೆರಳಿಗೆ ಉಂಗುರದಂತೆ ಹಾಕಿಕೊಳ್ಳುವ ಕೌಂಟರನ್ನು ಕೇಳಿ ತಂದೆ. ಎಡಗೈ ತೋರುಬೆರಳಿಗೆ ಹಾಕಿಕೊಂಡು, ಕ್ಲಚ್ ಹಿಡಿದಾಗಲೆಲ್ಲ ಹೆಬ್ಬೆರಳಿನಿಂದ ಒಂದು ಒತ್ತು. ಬೆಳಿಗ್ಗೆ ಕೆಂಗೇರಿಯಿಂದ ಚಾಮರಾಜಪೇಟೆಗೆ 174. ಸಂಜೆ ವಾಪಸು 231. ದಿನಕ್ಕೆ 405. ವರ್ಷಕ್ಕೆ 300 ದಿನ ಹಿಡಿದರೆ 1,21,500. ಗಾಡಿ ಕೊಂಡು ಎಂಟು ವರ್ಷವಾಯಿತು. ಲಾಕ್‌ಡೌನ್ ತಿಂಗಳುಗಳನ್ನೂ ರಜೆಗಳನ್ನೂ ಕಳೆದು 8 ಲಕ್ಷ ಸಲ ಅನ್ನೋಣ. ಹಿಡಿದಾಗೊಮ್ಮೆ, ಬಿಟ್ಟಾಗೊಮ್ಮೆ ಸರಳು ಸೀಲಿಗೆ ಉಜ್ಜುತ್ತದೆ, ಅಂದರೆ 16 ಲಕ್ಷ ಉಜ್ಜು.

ದೊಡ್ಡ ಸಂಖ್ಯೆಯೇ. ಆದರೆ ಒಂದು ಉಜ್ಜಿಗೆ ಎಷ್ಟು ದೂರ? ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಇಟ್ಟು ಆರ್ಮು ತಿರುಗುವುದನ್ನು ಅಳೆದೆ: 20 ಡಿಗ್ರಿ. 12 ಮಿಲಿಮೀಟರ್ ಸರಳಿನ ಸುತ್ತಳತೆ 37.7 ಮಿಲಿಮೀಟರ್, ಅದರಲ್ಲಿ 20 ಡಿಗ್ರಿ ಎಂದರೆ 2.1 ಮಿಲಿಮೀಟರ್. ಹದಿನಾರು ಲಕ್ಷದಿಂದ ಗುಣಿಸಿದರೆ 3,360 ಮೀಟರ್. ಎಂಟು ವರ್ಷದ ಆಯುಷ್ಯದಲ್ಲಿ ಆ ಸೀಲಿನ ತುಟಿಗೂ ಸರಳಿಗೂ ಆದ ಒಟ್ಟು ತಿಕ್ಕಾಟ ಮೂರೂವರೆ ಕಿಲೋಮೀಟರೂ ಇಲ್ಲ.

ಹೋಲಿಕೆಗೆ ಅದೇ ಎಂಜಿನ್ನಿನ ಇನ್ನೊಂದು ಸೀಲನ್ನು ತೆಗೆದುಕೊಂಡೆ, ಎಡಗಡೆ ಚೈನ್ ಸ್ಪ್ರಾಕೆಟ್ಟಿನ ಹಿಂದಿನದು. ಅಲ್ಲಿಯ ಶಾಫ್ಟು 20 ಮಿಲಿಮೀಟರ್, ಸುತ್ತಳತೆ 62.8. ಹಿಂದಿನ ಟೈರು ಒಂದು ಸುತ್ತಿಗೆ 1.86 ಮೀಟರ್ ಹೋಗುತ್ತದೆ, ಹಲ್ಲುಗಳು ಮುಂದೆ 14, ಹಿಂದೆ 42. ಹಾಗಾದರೆ ಗಾಡಿ ಒಂದು ಕಿಲೋಮೀಟರ್ ಓಡಿದಾಗ ಆ ಶಾಫ್ಟು ಸುಮಾರು 1,613 ಸುತ್ತು ತಿರುಗಿ, ತನ್ನ ಸೀಲಿಗೆ 101 ಮೀಟರ್ ಉಜ್ಜುತ್ತದೆ. ಕ್ಲಚ್ ಸೀಲು ಎಂಟು ವರ್ಷದಲ್ಲಿ ಕಂಡ ತಿಕ್ಕಾಟವನ್ನು ಸ್ಪ್ರಾಕೆಟ್ ಸೀಲು 33 ಕಿಲೋಮೀಟರ್ ಓಡಾಟದಲ್ಲಿ ಕಂಡುಬಿಡುತ್ತದೆ. ಮೀಟರಿನಲ್ಲಿ ಆಗ 61,300 ಕಿ.ಮೀ. ಇತ್ತು. ಆ ಲೆಕ್ಕದಲ್ಲಿ ಸ್ಪ್ರಾಕೆಟ್ ಸೀಲಿನ ಒಟ್ಟು ತಿಕ್ಕಾಟ 6,200 ಕಿಲೋಮೀಟರ್. ಅದು ಇವತ್ತಿಗೂ ಒಂದು ಹನಿ ಬಿಟ್ಟಿಲ್ಲ. ಮೂರೂವರೆ ಕಿಲೋಮೀಟರ್ ಉಜ್ಜಿದ್ದು ಸೋರುತ್ತಿತ್ತು. ಸವೆದು ಹೋಯಿತು ಅನ್ನುವ ಮಾತನ್ನು ನಾನು ಅಂದೇ ಕೈಬಿಟ್ಟೆ.

ಈ ಲೆಕ್ಕ ತೋರಿಸಿದಾಗ ನಮ್ಮ ಗ್ಯಾರೇಜಿನ ಭಾಯ್ ನಕ್ಕು, ಸೀಲಿನ ಜಾಗವನ್ನೇ ಬೆರಳಿಟ್ಟು ತೋರಿಸಿದರು. "ಇದು ಆಕಾಶ ನೋಡ್ಕೊಂಡು ಕೂತಿದೆ ಸಾರ್. ಮಳೆ ನೀರು, ಕೆಸರು, ಗಾಡಿ ತೊಳೆಯೋ ನೀರು, ಎಲ್ಲಾ ಇದರ ತಲೆ ಮೇಲೆ ನಿಲ್ಲುತ್ತೆ. ಸ್ಪ್ರಾಕೆಟ್ಟಿಂದು ಅಡ್ಡ ಕೂತಿದೆ, ಮೇಲೆ ಕವರೂ ಇದೆ." ಅದು ನಿಜ. ಮುಂದಿನ ಚಕ್ರ ಎರಚಿದ ಕೆಸರು ಆರ್ಮಿನ ಬುಡದಲ್ಲಿ ಕೂತು ಒಣಗುತ್ತದೆ. ಸರಳು ಹೊರಬರುವ ಆ ಒಂದು ಗೆರೆಯಲ್ಲಿ ತುಕ್ಕು ಹಿಡಿಯುತ್ತದೆ. ಸುತ್ತ ತಿರುಗುವ ಶಾಫ್ಟಾದರೆ ಎಣ್ಣೆಯ ಪದರ ಸದಾ ಎಳೆದುಕೊಂಡಿರುತ್ತದೆ, ಕಸ ನಿಲ್ಲುವುದಿಲ್ಲ. ಇದು ಎರಡು ಮಿಲಿಮೀಟರ್ ಅತ್ತ, ಎರಡು ಮಿಲಿಮೀಟರ್ ಇತ್ತ, ಅದೇ ತುಕ್ಕಿನ ಮೇಲೆ ಅದೇ ತುಟಿ. ಇದರ ಜೊತೆಗೆ ಕೇಬಲ್ಲು ಸರಳನ್ನು ಯಾವಾಗಲೂ ಒಂದೇ ಪಕ್ಕಕ್ಕೆ ಎಳೆಯುತ್ತದೆ. ಸರಳು ಕೂತ ತೂತು ಆ ಪಕ್ಕಕ್ಕೆ ಸ್ವಲ್ಪ ಅಗಲವಾದರೂ ಸೀಲಿನ ತುಟಿ ಅಲ್ಲಿ ಮುಟ್ಟುವುದಿಲ್ಲ.

ಇನ್ನು ಬಿಸಿ. ಸಾಮಾನ್ಯ ಸೀಲುಗಳು ನೈಟ್ರೈಲ್ ರಬ್ಬರಿನವು, ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ನೆಮ್ಮದಿಯಾಗಿ ಬಾಳುತ್ತವೆ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಓಟವೇ ಫ್ಯಾನು, ಸಿರ್ಸಿ ಸರ್ಕಲ್ ಹತ್ತಿರ ಇಪ್ಪತ್ತು ನಿಮಿಷ ತೆವಳುವಾಗ ಆ ಗಾಳಿ ಇರುವುದಿಲ್ಲ. ರಬ್ಬರಿನ ಮಟ್ಟಿಗೆ ಎಂಜಿನಿಯರುಗಳು ಬಳಸುವ ಒಂದು ಅಂದಾಜು ಸೂತ್ರವಿದೆ: ಬಿಸಿ 10 ಡಿಗ್ರಿ ಹೆಚ್ಚಿದರೆ ಆಯುಷ್ಯ ಅರ್ಧ. ಟ್ರಾಫಿಕ್ಕಿಗೂ ಈ ಸೀಲಿಗೂ ನಂಟಿರುವುದು ನಿಜ, ಆದರೆ ಕ್ಲಚ್ ಹಿಡಿಯುವ ಎಣಿಕೆಗಿಂತ ಹೆಚ್ಚಾಗಿ ನಿಂತು ಕುದಿಯುವುದರಿಂದ. ಇನ್ನೂರು ಡಿಗ್ರಿವರೆಗೆ ತಾಳುವ ಫ್ಲೋರೋ ರಬ್ಬರಿನ ಸೀಲುಗಳೂ ಇವೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ ಕೇಳಿದಾಗ ನನ್ನ ಅಳತೆಯದಕ್ಕೆ 160 ರೂಪಾಯಿ ಹೇಳಿದರು. ಅದೇ ಅಂಗಡಿಯಲ್ಲಿ ಹೆಸರಿಲ್ಲದ ಪ್ಯಾಕಿನ ಸೀಲು 15 ರೂಪಾಯಿಗೂ ಇತ್ತು. ನಾನು ಕೊಂಡದ್ದು ಕಂಪನಿಯ 45 ರೂಪಾಯಿಯದು. ಹದಿನೈದರದನ್ನು ಹಾಕಿದರೆ ಉಳಿಯುವುದು 30 ರೂಪಾಯಿ, ಅದು ಹೋದರೆ ಮತ್ತೆ ತೆರೆಯುವ ಖರ್ಚು ಸಾವಿರ. ಆಯ್ಕೆಗೆ ಇಷ್ಟು ಲೆಕ್ಕ ಸಾಕಾಯಿತು. 160ರದಕ್ಕೆ ಕೈ ಹಾಕಲಿಲ್ಲ, ಏಕೆಂದರೆ ನನ್ನ ಗಾಡಿಗೆ ಹಳೆಯ ಸೀಲು ಎಂಟು ವರ್ಷ ಬಂದಿತ್ತು.

ಶನಿವಾರ ಸಂಜೆ ಭಾಯ್ ಮೊದಲು ಮಾಡಿದ್ದು ಪಾನಾ ಹಿಡಿಯುವ ಕೆಲಸವಲ್ಲ. ಬಲಗಡೆಯನ್ನೆಲ್ಲ ಡೀಸೆಲ್ಲಿನಲ್ಲಿ ಬ್ರಷ್ ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಕವರಿನ ಮೇಲೆಲ್ಲ ಚಾಕ್‌ಪೀಸಿನ ಪುಡಿ ಉದುರಿಸಿದರು. "ಒಂದು ರೌಂಡ್ ಹೋಗಿ ಬನ್ನಿ" ಅಂದರು. ನಾಲ್ಕು ಕಿಲೋಮೀಟರ್ ಹೋಗಿ ಬಂದೆ. ಕವರಿನ ಅಂಚಿನ ಪುಡಿ ಬೆಳ್ಳಗೇ ಇತ್ತು. ಕಿಕ್ಕರಿನ ಬುಡವೂ ಬೆಳ್ಳಗೆ. ಆರ್ಮಿನ ಬುಡದಿಂದ ಮಾತ್ರ ಒಂದು ಕಪ್ಪು ಗೆರೆ, ಹುಬ್ಬಿನಷ್ಟು ಸಣ್ಣದು, ಕೆಳಗಿಳಿದಿತ್ತು. ಐದು ಪೈಸೆಯ ಚಾಕ್‌ಪುಡಿಯಲ್ಲಿ ಗೊತ್ತಾಗುವುದನ್ನು ನೋಡದೆ ಜುಲೈನಲ್ಲಿ 250 ಕೊಟ್ಟಿದ್ದೆ. ಎಂಜಿನ್ನಿನ ಬ್ರೀದರ್ ಪೈಪನ್ನೂ ಅವರು ಕಳಚಿ ಬಾಯಿಂದ ಊದಿ ನೋಡಿದರು. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಹೊಸ ಸೀಲನ್ನೂ ಸೋರಿಸುತ್ತದೆ. ನನ್ನದು ಅರ್ಧ ಕಟ್ಟಿತ್ತು, ತಂತಿ ಹಾಕಿ ಬಿಡಿಸಿದರು. ಡಿಪ್‌ಸ್ಟಿಕ್ ನೋಡಿ, ಮೇಲಿನ ಗೆರೆ ದಾಟಿ ಎಣ್ಣೆ ತುಂಬಿಸಬೇಡಿ ಎಂದರು. ಭಯಕ್ಕೆ ಸೆಪ್ಟೆಂಬರ್‌ನಲ್ಲಿ ನಾನು ಎರಡು ಸಲ ಹಾಗೆ ಮಾಡಿದ್ದೆ.

ಭಾನುವಾರ 10 ಗಂಟೆಗೆ ಕೆಲಸ ಶುರು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಗಡಿಯಾರ ನೋಡುತ್ತ ಕೂತೆ. ಎಣ್ಣೆ ಇಳಿಸಿ, ಕೇಬಲ್ ಬಿಡಿಸಿ, ಕಿಕ್ಕರ್, ಫುಟ್‌ರೆಸ್ಟ್ ತೆಗೆದು, 8 ನಂಬರ್ ಟಿ-ಪಾನಾದಲ್ಲಿ ಬೋಲ್ಟುಗಳನ್ನು ಬಿಚ್ಚಿ ಕವರ್ ಕೈಗೆ ಬರಲು 22 ನಿಮಿಷ. ಬೋಲ್ಟುಗಳ ಉದ್ದ ಒಂದೇ ಅಲ್ಲ. ಭಾಯ್ ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೂತು ಮಾಡಿ, ಪ್ರತಿ ಬೋಲ್ಟನ್ನೂ ಅದರ ಜಾಗದಲ್ಲೇ ಚುಚ್ಚಿಟ್ಟರು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದು ಹಳೆಯ ಪ್ಯಾಕಿಂಗ್ ಕೆರೆಯುವುದು: 38 ನಿಮಿಷ. ಎಂಟು ವರ್ಷ ಕಾದ ಕಾಗದದ ಪ್ಯಾಕಿಂಗ್ ಲೋಹಕ್ಕೆ ಅಂಟಿ ಸುಣ್ಣದ ಪದರದಂತಾಗಿತ್ತು. ಅದರ ಮೇಲೆ ಜುಲೈನ ಸಿಲಿಕಾನ್ ಬೇರೆ. ಒಳಗೆ ಅದರ ಚೂರುಗಳು ಎಳೆಎಳೆಯಾಗಿ ತೇಲುತ್ತಿದ್ದವು. ಎಣ್ಣೆ ಹೀರುವ ಜಾಲರಿಯ ಮೇಲೂ ಎರಡು ಚೂರು ಕೂತಿದ್ದವು, ಭಾಯ್ ಅವನ್ನು ಚಿಮುಟದಲ್ಲಿ ಎತ್ತಿ ನನ್ನ ಅಂಗೈ ಮೇಲಿಟ್ಟರು. ಆ ಜಾಲರಿ ಕಟ್ಟಿದರೆ ಎಂಜಿನ್ನಿನ ಹೆಡ್ಡಿಗೆ ಎಣ್ಣೆ ಏರುವುದಿಲ್ಲ. ಹೆಡ್ ಕೆಲಸಕ್ಕೆ ಐದಾರು ಸಾವಿರ ಎಂದರು. ಕೆರೆಯುವಾಗ ಉಳಿ ಬಳಸಲಿಲ್ಲ, ಹಳೆಯ ಬ್ಲೇಡನ್ನು ಮಲಗಿಸಿ ಹಿಡಿದು, ಡೀಸೆಲ್ ಸವರಿ ಸವರಿ ತೆಗೆದರು. ಅಲ್ಯೂಮಿನಿಯಮ್ಮಿನ ಮೇಲೆ ಒಂದು ಗೀರು ಬಿದ್ದರೆ ಅದೇ ಹೊಸ ಸೋರಿಕೆಯ ಕಾಲುವೆ.

ಆಮೇಲೆ ಸೀಲು. ಹಳೆಯದನ್ನು ಸ್ಕ್ರೂಡ್ರೈವರಿನಲ್ಲಿ ಮೀಟಿದಾಗ ಟಕ್ಕೆಂದು ಬಂತು. ಹೊಸ ಸೀಲಿನ ತುಟಿಯನ್ನು ಉಗುರಿನಲ್ಲಿ ಒತ್ತಿದರೆ ಬಾಳೆಸಿಪ್ಪೆಯಂತೆ ಬಾಗುತ್ತದೆ. ಹಳೆಯದು ಬಳೆಚೂರಿನಂತೆ, ಒತ್ತಿದರೆ ಬಿರಿಯಿತು. ಸರಳಿನ ತುಕ್ಕನ್ನು ನಯವಾದ ಎಮರಿ ಕಾಗದದಲ್ಲಿ ಸುತ್ತ ತಿಕ್ಕಿ, ಉಗುರು ಅಡ್ಡ ಎಳೆದು ಹಳ್ಳ ಬಿದ್ದಿಲ್ಲವೆಂದು ನೋಡಿಕೊಂಡರು. ಕವರಿನ ತೂತಿನಲ್ಲಿ ಸರಳನ್ನು ಇಟ್ಟು ಅಲ್ಲಾಡಿಸಿದರು. ಹೆಚ್ಚು ಆಟವಿದ್ದರೆ ಲೇತಿನಲ್ಲಿ ಬುಷ್ ಹಾಕಿಸಬೇಕಿತ್ತು, ಅದಕ್ಕೆ 350. ಬೇಕಾಗಲಿಲ್ಲ. ಸೀಲಿನ ಒಳಗೆ ಕೂದಲಿನಷ್ಟು ಸಣ್ಣ ಒಂದು ಸ್ಪ್ರಿಂಗ್ ಸುತ್ತು ಇರುತ್ತದೆ. ಅದು ಕಾಣುವ ಮುಖ ಎಣ್ಣೆಯ ಕಡೆಗಿರಬೇಕು, ತಿರುಗಿಸಿ ಹಾಕಿದರೆ ಹೊಸ ಸೀಲು ಮೊದಲ ದಿನವೇ ಸೋರುತ್ತದೆ. ಸೀಲಿನಷ್ಟೇ ಅಗಲದ ಸಾಕೆಟ್ಟನ್ನು ಅದರ ಮೇಲಿಟ್ಟು, ಮರದ ಸುತ್ತಿಗೆಯಲ್ಲಿ ನಾಲ್ಕು ಸಣ್ಣ ಪೆಟ್ಟು. ಅಂಚು ಸಮನಾಯಿತು.

ಸರಳನ್ನು ತೂರಿಸುವ ಮೊದಲು ಅವರು ಮಾಡಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಸರಳಿನ ಕೆಳತುದಿಯಲ್ಲಿ ಕ್ಲಚ್ ಒತ್ತಲು ಅರ್ಧಚಂದ್ರದಂತೆ ಕಡಿದ ಜಾಗವಿರುತ್ತದೆ, ಅದರ ಅಂಚು ಚೂಪು. ಹಾಗೇ ತೂರಿಸಿದರೆ ಆ ಅಂಚು ಹೊಸ ತುಟಿಯನ್ನು ಕೊಯ್ಯುತ್ತದೆ. ಭಾಯ್ ಬೆಳಗಿನ ಚಹಾದ ಹಾಲಿನ ಪ್ಯಾಕೆಟ್ಟಿನಿಂದ ಎರಡು ಬೆರಳಗಲದ ತುಂಡು ಕತ್ತರಿಸಿ, ಸರಳಿನ ತುದಿಗೆ ಸುತ್ತಿ, ಗ್ರೀಸು ಸವರಿ, ಮೆಲ್ಲಗೆ ತಿರುಚುತ್ತ ಇಳಿಸಿದರು. ತುದಿ ಒಳಗಡೆ ಕಾಣುತ್ತಲೇ ಪ್ಲಾಸ್ಟಿಕ್ಕನ್ನು ಎಳೆದು ತೆಗೆದರು. ಇಷ್ಟಕ್ಕೆ, ಅಂದರೆ 45 ರೂಪಾಯಿಯ ಸಾಮಾನನ್ನು ಅದರ ಜಾಗದಲ್ಲಿ ಕೂರಿಸುವುದಕ್ಕೆ, ಹಿಡಿದಿದ್ದು 4 ನಿಮಿಷ.

ಕವರ್ ತೆರೆದೇ ಇತ್ತಾದ್ದರಿಂದ ಎಣ್ಣೆಯ ಜಾಲರಿ, ಸುತ್ತುವ ಆಯಿಲ್ ಫಿಲ್ಟರು ಎರಡನ್ನೂ ತೊಳೆದರು, ಕಿಕ್ಕರ್ ಸೀಲನ್ನೂ ಬದಲಿಸಿದರು: 20 ನಿಮಿಷ. ಕಿಕ್ಕರ್ ಸೀಲು ಸೋರುತ್ತಿರಲಿಲ್ಲ. ಆದರೆ 40 ರೂಪಾಯಿ ಉಳಿಸಲು ಹೋಗಿ ಇನ್ನಾರು ತಿಂಗಳಿಗೆ ಇದೇ ಕವರನ್ನು ಇದೇ 38 ನಿಮಿಷ ಕೆರೆಸುವುದು ನನಗೆ ಬೇಡವಾಗಿತ್ತು. ಮುಚ್ಚಿ, ಬೋಲ್ಟುಗಳನ್ನು ಎದುರುಬದುರಾಗಿ ಎರಡು ಸುತ್ತಿನಲ್ಲಿ ಬಿಗಿದು, ಎಣ್ಣೆ ತುಂಬಿ, ಕೇಬಲ್ ಸರಿಪಡಿಸಲು 31 ನಿಮಿಷ. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಬಿಟ್ಟರು, ಬಿಗಿಯಾಗಿದ್ದರೆ ಸರಳು ಸದಾ ಎಳೆತದಲ್ಲೇ ಇರುತ್ತದೆ. ಚಹಾ 10 ನಿಮಿಷ, ಓಡಿಸಿ ನೋಡಿ ಮತ್ತೆ ಚಾಕ್‌ಪುಡಿ ಹಾಕಿ ಪರೀಕ್ಷೆ 20. ಒಟ್ಟು 145 ನಿಮಿಷ. ಕೆಟ್ಟಿದ್ದ ಥ್ರೆಡ್ಡಿಗೆ ತಂತಿಯ ಕಾಯಿಲ್ ಹಾಕಿದ 25 ನಿಮಿಷ ಇದರಲ್ಲಿಲ್ಲ, ಅದಕ್ಕೆ ಬೇರೆ 150 ಕೊಟ್ಟೆ. ಹೊರಟಾಗ 12:50.

450 ರೂಪಾಯಿಯನ್ನು 145 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ 3 ರೂಪಾಯಿ 10 ಪೈಸೆ, ಗಂಟೆಗೆ 186. ಇದು ಭಾಯ್ ಜೇಬಿಗೆ ಹೋಗುವ ಹಣವಲ್ಲ. ಅಂಗಡಿ ಬಾಡಿಗೆ ತಿಂಗಳಿಗೆ 14,000, ಕೆಲಸದ 26 ದಿನಕ್ಕೆ ಹಂಚಿದರೆ ದಿನಕ್ಕೆ 538. ಸಹಾಯಕ್ಕಿರುವ ಹುಡುಗನಿಗೆ ದಿನಕ್ಕೆ 500. ಈ 1,038 ರೂಪಾಯಿ ದುಡಿಯಲು ನಿಮಿಷಕ್ಕೆ 3.10ರಂತೆ ಅವರು 335 ನಿಮಿಷ, ಅಂದರೆ ಐದೂವರೆ ಗಂಟೆ ಪಾನಾ ಹಿಡಿಯಬೇಕು. ಕರೆಂಟು, ಡೀಸೆಲ್ಲು, ಸವೆದ ಪಾನಾ ಆಮೇಲಿನ ಮಾತು. ಸ್ವಂತಕ್ಕೆ ಒಂದು ರೂಪಾಯಿ ಶುರುವಾಗುವುದು ಮಧ್ಯಾಹ್ನ ಮೂರೂವರೆಯ ಹೊತ್ತಿಗೆ. ದೊಡ್ಡ ಸರ್ವೀಸ್ ಸೆಂಟರಿನಲ್ಲಿ ಇದೇ ಕೆಲಸಕ್ಕೆ ಕೇಳಿದ್ದೆ: ಸೀಲು 62, ಪ್ಯಾಕಿಂಗ್ 118, ಆಯಿಲ್ 415, ಕೂಲಿ 700, ಕೂಲಿಯ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 126. ಒಟ್ಟು 1,421. ಅಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ. ಚೌಕಾಸಿಯೆಲ್ಲ ರಸ್ತೆ ಬದಿಯ ಕೈಕೆಲಸದವರ ಹತ್ತಿರ. ಸಾಮಾನಿನ ಬೆಲೆಗೂ ಕೂಲಿಗೂ ತಾಳೆ ಹಾಕುವುದೇ ಸರಿಯಲ್ಲ ಎಂದು ನಾನು ಪಂಕ್ಚರ್ ಹಾಕಿಸುತ್ತಿದ್ದವರಿಗೆ ಹೇಳಿದೆ. ಸೀಲು 45ರದ್ದಾದರೂ 450ರದ್ದಾದರೂ ಪ್ಯಾಕಿಂಗ್ ಕೆರೆಯಲು 38 ನಿಮಿಷವೇ ಬೇಕು.

ಖರ್ಚು ತಗ್ಗಿಸುವ ದಾರಿ ನಿಜವಾಗಿ ಇರುವುದು ಎರಡು ಕಡೆ. ಎಣ್ಣೆ ಹೊಸದಿದ್ದರೆ ಇಳಿಸಬೇಕಿಲ್ಲ, ಗಾಡಿಯನ್ನು ಎಡಕ್ಕೆ ಚೆನ್ನಾಗಿ ವಾಲಿಸಿ ಆನಿಸಿಟ್ಟರೆ ಬಲಗಡೆ ಕವರನ್ನು ಹಾಗೆಯೇ ತೆಗೆಯಬಹುದು. ಪೆಟ್ರೋಲ್ ಕಾಕ್ ಮುಚ್ಚಿರಬೇಕು. 390 ಉಳಿದು ಬಿಲ್ಲು 650ಕ್ಕೆ ಇಳಿಯುತ್ತದೆ. ನನ್ನ ಎಣ್ಣೆಯಲ್ಲಿ ಸಿಲಿಕಾನ್ ಚೂರಿದ್ದರಿಂದ ಅದು ಆಗಲಿಲ್ಲ. ಇನ್ನೊಂದು ಕಡೆ, ತಡ ಮಾಡದಿರುವುದು. ನನ್ನ ತಡದ ಖಾತೆ ಹೀಗಿದೆ: ಜುಲೈನ ಸಿಲಿಕಾನಿಗೆ 250, ತುಂಬಿದ 420 ಮಿಲಿಲೀಟರ್ ಎಣ್ಣೆಗೆ 182, ಥ್ರೆಡ್ಡಿಗೆ 150, ಬಲಗಾಲಿಗೆ ಎಣ್ಣೆ ಕಲೆ ಹತ್ತಿ ಹೋಗದೆ ಉಳಿದ ಒಂದು ಪ್ಯಾಂಟಿಗೆ 850. ಒಟ್ಟು 1,432. ರಿಪೇರಿಗಿಂತ 392 ರೂಪಾಯಿ ಹೆಚ್ಚು. ನಾಯಂಡಹಳ್ಳಿಯ ಆ ಗೇಣನ್ನು ಯಾವ ಖಾತೆಗೆ ಬರೆಯಲಿ?

ಆ 420 ಮಿಲಿಲೀಟರ್ ಹೋದದ್ದೆಲ್ಲಿಗೆ ಅನ್ನುವುದೂ ನನ್ನನ್ನು ಕಾಡಿತು. ಮೈಸೂರು ರಸ್ತೆಯ ಪಕ್ಕದಲ್ಲೇ ವೃಷಭಾವತಿ ಹರಿಯುತ್ತದೆ. ರಸ್ತೆಯ ಮೇಲೆ ಬಿದ್ದ ಎಣ್ಣೆ ಮೊದಲ ಮಳೆಗೆ ಮೋರಿ ಸೇರಿ, ವೃಷಭಾವತಿಯಿಂದ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕಡೆಗೆ ಕಾವೇರಿಗೆ. ಬೆಂಗಳೂರಿನಲ್ಲಿ ದ್ವಿಚಕ್ರ ವಾಹನಗಳು 70 ಲಕ್ಷ ದಾಟಿವೆ. ಸಾವಿರಕ್ಕೆ ಒಂದು ಗಾಡಿ ನನ್ನದರಂತೆ ನಾಲ್ಕು ತಿಂಗಳು ಸೋರುತ್ತ ಓಡಿತು ಅಂದುಕೊಂಡರೂ 7,000 ಗಾಡಿ, 2,940 ಲೀಟರ್, 210 ಲೀಟರಿನ 14 ಡ್ರಮ್ಮು. ಗ್ಯಾರೇಜಿನಲ್ಲಿ ಇಳಿಸಿದ ಹಳೆಯ ಎಣ್ಣೆಯನ್ನು ಭಾಯ್ ಡ್ರಮ್ಮಿಗೆ ಸುರಿದು ಮುಚ್ಚಳ ಹಾಕಿಡುತ್ತಾರೆ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ನಾನು ದಾರಿಯುದ್ದಕ್ಕೂ ಸುರಿದದ್ದು ಯಾವ ಡ್ರಮ್ಮಿಗೂ ಹೋಗಲಿಲ್ಲ.

ಅಕ್ಟೋಬರ್ 11, ಆಯುಧಪೂಜೆ. ಗಾಡಿ ತೊಳೆಯುವಾಗ ಪ್ರೆಶರ್ ಪೈಪು ಬಳಸಲಿಲ್ಲ. ಬಕೆಟ್ಟು, ಬಟ್ಟೆ ಸಾಕಾಯಿತು. ಆರ್ಮಿನ ಬುಡವನ್ನು ಕೈಯಲ್ಲೇ ಒರೆಸಿ ಒಣಗಿಸಿ ಒಂದು ಚೂರು ಗ್ರೀಸು ಹಚ್ಚಿದೆ. ಮಗಳು ಹ್ಯಾಂಡಲ್ಲಿಗೆ ಚೆಂಡುಹೂವು ಕಟ್ಟಿ, ಎಂಜಿನ್ನಿನ ಬಲಗಡೆ ಕವರಿಗೂ ಅರಿಶಿನ ಕುಂಕುಮ ಇಟ್ಟಳು. ಮರುದಿನ ಊರಿನ ಕಡೆ ರಾಮನಗರದವರೆಗೆ ಹೋಗಿಬಂದು ನೋಡಿದೆ. ಕುಂಕುಮ ಪುಡಿಯಾಗಿಯೇ ಇತ್ತು, ಎಣ್ಣೆ ಮುಟ್ಟಿರಲಿಲ್ಲ. ನವೆಂಬರ್ 3ರಂದು ಮೀಟರ್ 61,940. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ಮುಟ್ಟಿಸಲು ಸಿರಿಂಜಿನಿಂದ ಹಾಕಬೇಕಾಗಿ ಬಂದದ್ದು 5 ಮಿಲಿಲೀಟರ್. ಬ್ರೇಕ್ ಪೆಡಲಿಗೆ 35 ರೂಪಾಯಿಯ ಹೊಸ ರಬ್ಬರು ಹಾಕಿಸಿದ್ದೇನೆ. ಬ್ರೀದರ್ ಪೈಪನ್ನು ಮತ್ತೆ ನೋಡಿಸುವುದು ಮುಂದಿನ ಆಯಿಲ್ ಚೇಂಜಿಗೆ.